ಅರವತ್ತಮೂರಕ್ಕೆ ನಿಂತ ಕಾರು

"ಸತ್ತೋಯ್ತಾ?!"

ಶುರೂಕ್‌ಳ ಕೂಗಿಗೆ ಬಯಾದರ್ ಬೀದಿಯ ಸುತ್ತಿಗೆಗಳೆಲ್ಲ ಒಂದು ಗಳಿಗೆ ಸುಮ್ಮನಾದವು. ಅಮ್ಮಾನ್ ನಗರದ ಅರ್ಧ ಕಾರುಗಳು ರಿಪೇರಿಗೆ ಬಂದು ಬೀಳುವ ಬೀದಿ ಅದು, ಗಂಡಸರದೇ ಬೀದಿ. ಅಲ್ಲಿ ಹೆಣ್ಣುದನಿ ಹೀಗೆ ಎದ್ದರೆ ಕೇಳಬೇಕೆ? ಅಕ್ಕಪಕ್ಕದ ಅಂಗಡಿಗಳಿಂದ ತಲೆಗಳು ಒಂದೊಂದಾಗಿ ಇಣುಕಿದವು.

ಕುತೈಬ ಲ್ಯಾಪ್‌ಟಾಪಿನಿಂದ ಕಣ್ಣು ಕೀಳಲಿಲ್ಲ. ಪರದೆಯ ಹಸಿರು ಪಟ್ಟಿ ಶೇಕಡಾ ಅರವತ್ತಮೂರಕ್ಕೆ ಬಂದು ಕಲ್ಲಾಗಿ ಕೂತಿತ್ತು. ಅವನು ಕಾರಿನ ಕೀಲಿ ತಿರುಗಿಸಿದ. ಒಂದು ಕೆಮ್ಮೂ ಇಲ್ಲ.

"ಸತ್ತಿಲ್ಲ, ಮಿಸ್. ಮೂರ್ಛೆ ಹೋಗಿದೆ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬರೀತಿದ್ದೆ, ನಡುವೆ ಕರೆಂಟ್ ಸೋತುಹೋಯ್ತು. ಈಗ ಅದಕ್ಕೆ ಹಳೇದು ನೆನಪಿಲ್ಲ, ಹೊಸದು ಪೂರ್ತಿ ಗೊತ್ತಿಲ್ಲ."

"ಹತ್ತು ನಿಮಿಷದ ಕೆಲಸ ಅಂದಿದ್ರಿ! ಏರಿನಲ್ಲಿ ಮುಗ್ಗರಿಸ್ತಿತ್ತು ಅಷ್ಟೇ. ನಾನೇ ಓಡಿಸ್ಕೊಂಡು ಬಂದ ಕಾರು ಇದು!"

ಅಂಗಡಿಯ ಯಜಮಾನ ಅಬು ಸನದ್ ಹೊಟ್ಟೆ ಮುಂದೆ ಮಾಡಿಕೊಂಡು ಬಂದ. "ಏನೋ ಕುತೈಬ, ಯಾರ ತಪ್ಪು?"

ಕುತೈಬನ ಕಣ್ಣು ಗೋಡೆಯ ಬುಡದಲ್ಲಿದ್ದ ಪ್ಲಗ್ಗುಗಳ ಹಲಗೆಯ ಕಡೆ ಹೋಯಿತು. ಅಲ್ಲಿಂದ ಶುರೂಕ್‌ಳ ಮುಖಕ್ಕೆ. ಅಲ್ಲಿಂದ ಇಣುಕುತ್ತಿದ್ದ ಹತ್ತಾರು ತಲೆಗಳಿಗೆ.

"ನನ್ನದೇ, ಯಜಮಾನ್ರೇ. ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ."

ಇಷ್ಟು ಸುಲಭವಾಗಿ ಒಪ್ಪಿಕೊಂಡನೇ! ಶುರೂಕ್‌ಳ ಮನಸ್ಸಿನಲ್ಲಿ ಹುಳ ಓಡಾಡಿತು. ಇಂಥದೇ ಒಂದು ಬೀದಿಯಲ್ಲಿ ಅವಳ ಅಪ್ಪನ ಕಾರಿನ ಎಂಜಿನ್ನನ್ನೇ ಬದಲಿಸಿ ಕಳಿಸಿದ್ದರು. ಇಷ್ಟು ಮೆತ್ತಗೆ ಮಾತಾಡುವವನೇ ಇರಬೇಕು ಕಳ್ಳ... ಈಗ ಹೊಸ ಕಂಪ್ಯೂಟರ್ ಹಾಕೋಣ ಅನ್ನುತ್ತಾನೆ, ನನ್ನದನ್ನು ಯಾರಿಗೋ ಮಾರುತ್ತಾನೆ!

"ಭಾನುವಾರ ಬೆಳಗ್ಗೆ ನನ್ನ ಕಾರು ಓಡ್ಬೇಕು," ಎಂದಳು. "ನಾನು ಸಲ್ತ್ ಊರಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳೋಳು. ಹಳ್ಳಿಯಿಂದ ನಾಲ್ಕು ಹುಡುಗೀರು ಪರೀಕ್ಷೆಗೆ ಬರ್ಬೇಕು. ಶುರೂಕ್ ಮಿಸ್ ಕಾರಾದ್ರೆ ಮಾತ್ರ ಕಳಿಸ್ತೀವಿ ಅಂದಿದಾರೆ ಅವರ ಅಪ್ಪಂದಿರು. ಈ ಕಾರು ಬರದಿದ್ರೆ ಆ ಮಕ್ಕಳ ಒಂದು ವರ್ಷ ಹೋಯ್ತು. ಮುಂದಿನ ವರ್ಷ ಶಾಲೆಗೇ ಕಳಿಸ್ತಾರೋ ಇಲ್ವೋ!"

ಅವತ್ತು ಬುಧವಾರ. ಕುತೈಬ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಓಡುತ್ತೆ," ಎಂದ. ಅಷ್ಟೇ.

ಗುರುವಾರ ಕುತೈಬ ಎಂಜಿನ್ನಿನ ಪಕ್ಕದಿಂದ ಅಂಗೈಯಗಲದ ಲೋಹದ ಪೆಟ್ಟಿಗೆಯನ್ನು ಬಿಚ್ಚಿದ್ದೇ ತಡ, ಶುರೂಕ್ ಚೀಲದಿಂದ ಉಗುರುಬಣ್ಣ ತೆಗೆದು ಅದರ ಬೆನ್ನಿಗೊಂದು ಕೆಂಪು ಬೊಟ್ಟಿಟ್ಟಳು.

"ಇದೇನು ಮಿಸ್, ಪೆಟ್ಟಿಗೆಗೆ ಮದುವೆಯಾ? ಮದರಂಗಿ ಇಡ್ತಿದೀರಿ?"

"ಬೇರೆ ಪೆಟ್ಟಿಗೆ ತಂದಿಟ್ರೆ ಗೊತ್ತಾಗ್ಲಿ ಅಂತ."

ಅಬು ಸನದ್ ಪಕಪಕನೆ ನಕ್ಕ. "ನಲವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ ಮಗಳೇ, ಇಂಥ ಪೋಲೀಸ್ ನೋಡಿಲ್ಲ! ಲೋ, ನಿನಗೆ ತಕ್ಕವಳು ಸಿಕ್ಕಳು ಕಣೋ!"

ಕುತೈಬನ ಕಿವಿ ಕೆಂಪಾಯಿತು. ಶುರೂಕ್ ಅದನ್ನೂ ಅನುಮಾನದ ಪಟ್ಟಿಗೆ ಸೇರಿಸಿಕೊಂಡಳು. ಕಳ್ಳನಲ್ಲದಿದ್ದರೆ ಕಿವಿ ಯಾಕೆ ಕೆಂಪಾಗಬೇಕು?

ಶುಕ್ರವಾರ ಬೀದಿಗೆ ಬೀದಿಯೇ ಮುಚ್ಚಿತ್ತು. ನಮಾಜು ಮುಗಿಸಿ ಬಂದು ಅವನೊಬ್ಬನೇ ಅರ್ಧ ಬಾಗಿಲೆತ್ತಿದ. ಅವಳು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಹಾಲು ಕಾಯುವ ಬೆಕ್ಕಿನಂತೆ ಕೂತಳು. ಅವನು ಬಿಸಿಗಾಳಿಯಲ್ಲಿ ಪೆಟ್ಟಿಗೆಯ ಅಂಟು ಕರಗಿಸಿದ. ಮುಚ್ಚಳವನ್ನು ಗಾಯದ ಪಟ್ಟಿ ಬಿಡಿಸಿದಷ್ಟು ಮೆಲ್ಲಗೆ ಎತ್ತಿದ. ಭೂತಗನ್ನಡಿಯ ಕೆಳಗೆ ಕೂದಲೆಳೆಯ ತಂತಿಗಳನ್ನು ಒಂದೊಂದಾಗಿ ಬೆಸೆದ. ಮಧ್ಯೆ ಒಮ್ಮೆ ಎದ್ದು, ಎಳ್ಳಿನ ರೊಟ್ಟಿ ಮುರಿದು ದೊಡ್ಡ ತುಂಡನ್ನು ಅವಳ ಕಡೆ ಚಾಚಿದ.

ಅವಳು ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅದಕ್ಕೂ ಬೊಟ್ಟು ಇಡ್ತೀರಾ, ಮಿಸ್?"

ನಗು ಬಂದುಬಿಟ್ಟಿತು! ತುಟಿ ಕಚ್ಚಿ ನುಂಗಿದಳು. ಛೆ... ಇವನ ಬೆರಳು ಎಷ್ಟು ತಾಳ್ಮೆಯವು! ಮೋಸಗಾರನ ಕೈ ಹೀಗಿರುತ್ತದಾ? ಇರುತ್ತದೆ ಶುರೂಕ್, ಇರುತ್ತದೆ. ಅಪ್ಪನೂ ಹೀಗೇ ನಂಬಿದ್ದ.

ಸಂಜೆಯಾದರೂ ಕಂಪ್ಯೂಟರ್ ತುಟಿ ಬಿಚ್ಚಲಿಲ್ಲ. "ನಾಳೆ ನೋಡೋಣ," ಎಂದ ಕುತೈಬ.

ಮನೆಗೆ ಬಂದವಳ ಸಹನೆಯ ಕಟ್ಟೆ ಒಡೆಯಿತು. ಬುಧವಾರ ಅವನಿಗೆ ತಿಳಿಯದಂತೆ ಅವನ ಕೆಲಸವನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸಿದ್ದಳು, ಸಾಕ್ಷಿಗಿರಲಿ ಅಂತ. ಪೋಲೀಸಿನಲ್ಲಿರುವ ಸೋದರಮಾವನಿಗೆ ಕಳಿಸಿಯೇಬಿಡುವೆ! ಅದಕ್ಕೂ ಮುಂಚೆ ಒಮ್ಮೆ ನೋಡೋಣವೆಂದು ಒತ್ತಿದಳು.

ಕುತೈಬ ಕಾರಿನ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸುತ್ತಾನೆ. ಅದರ ಹಸಿರು ದೀಪ ಹೊತ್ತಿಕೊಳ್ಳುತ್ತದೆ. "ಹತ್ತು ನಿಮಿಷ ಯಾವುದನ್ನೂ ಮುಟ್ಟಬೇಡಿ, ಮಿಸ್," ಎನ್ನುತ್ತಾನೆ. ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಆಗ ತಾನು ಅಂದುಕೊಂಡದ್ದು ಅವಳಿಗೆ ನೆನಪಾಯಿತು. ಅಷ್ಟರಲ್ಲಿ ಚಿತ್ರ ಅಲುಗಾಡುತ್ತದೆ. ಅವತ್ತು ಅವಳ ಮೊಬೈಲಿನ ಚಾರ್ಜು ಮುಗಿಯುತ್ತಿತ್ತು. ಗೋಡೆಯ ಬುಡದ ಹಲಗೆಯಲ್ಲಿ ಒಂದೂ ಜಾಗ ಖಾಲಿ ಇಲ್ಲ. ಬಳೆ ತೊಟ್ಟ ಕೈಯೊಂದು ಬಂದು ಒಂದು ಪ್ಲಗ್ಗನ್ನು ಕಿತ್ತು, ತನ್ನದನ್ನು ಸಿಕ್ಕಿಸುತ್ತದೆ.

ಚಿತ್ರದ ಮೂಲೆಯಲ್ಲಿ... ಚಾರ್ಜರಿನ ಹಸಿರು ದೀಪ ಆರುತ್ತದೆ.

ಶುರೂಕ್ ಮತ್ತೆ ನೋಡಿದಳು. ಮತ್ತೊಮ್ಮೆ ನೋಡಿದಳು. ಆ ಬಳೆ ತನ್ನದೇ!

ಅಯ್ಯೋ ದೇವರೇ... ಕಳ್ಳನನ್ನು ಹಿಡಿಯಹೋದ ಕೈಯೇ ಕಾರಿನ ಉಸಿರು ಕಿತ್ತಿತ್ತು! ಅವನ ಕಣ್ಣು ಅವತ್ತು ಹಲಗೆಯ ಮೇಲಿನಿಂದ ಅವಳ ಮುಖಕ್ಕೆ ಬಂದದ್ದು ಈಗ ಅರ್ಥವಾಯಿತು. ಅವನಿಗೆ ಎಲ್ಲ ಗೊತ್ತಿತ್ತು.

ಶನಿವಾರ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅವಳು ಅಲ್ಲಿದ್ದಳು. ಇವತ್ತು ಕುರ್ಚಿ ಕೇಳಲಿಲ್ಲ.

"ಪ್ಲಗ್ ಕಿತ್ತಿದ್ದು ನಾನು."

"ಗೊತ್ತು," ಎಂದ ಕುತೈಬ, ಸಲಕರಣೆ ಜೋಡಿಸುತ್ತ.

"ಮತ್ತೆ ಯಾಕೆ ಹೇಳ್ಲಿಲ್ಲ? ಬೀದಿಯ ಮುಂದೆ ನಿಮ್ಮ ಮಾನ ಕಳೆದೆನಲ್ಲ!"

"ಹೇಳಿದ್ರೆ ಈ ಬೀದಿ ಸುಮ್ನೆ ಬಿಡ್ತಿತ್ತಾ? 'ಹೆಂಗಸರನ್ನ ಗ್ಯಾರೇಜಿಗೆ ಬಿಟ್ರೆ ಹೀಗೇ' ಅಂತ ವರ್ಷಗಟ್ಟಲೆ ಆಡ್ಕೋತಿದ್ರು. ನೀವು ಮತ್ತೆ ಈ ಕಡೆ ಕಾಲಿಡ್ತಿರಲಿಲ್ಲ." ಇಕ್ಕಳ ಕೈಗೆತ್ತಿಕೊಂಡ. "ಮೇಲಾಗಿ, ಚಾರ್ಜರ್ ಮೇಲೆ ಕಣ್ಣಿಡಬೇಕಾದವನು ನಾನೇ. ಇಡಲಿಲ್ಲ. ಕಣ್ಣು... ಬೇರೆ ಕಡೆ ಇತ್ತು."

"ಎಲ್ಲಿತ್ತು?"

ಅವನು ಪೆಟ್ಟಿಗೆಯ ಮೇಲೆ ಬಗ್ಗಿದ. ಈಗ ಕೆಂಪಾದದ್ದು ಅವಳ ಕಿವಿ.

"ಮಿಸ್, ನನಗೆ ಇನ್ನೊಂದು ಕೈ ಬೇಕು," ಎಂದು ಸೂಜಿಯೊಂದನ್ನು ಅವಳಿಗೆ ಕೊಟ್ಟ. "ಈ ಕಂಪ್ಯೂಟರ್ ಚಿಪ್‌ಗೊಂದು ಗುಟ್ಟಿನ ಕಾಲಿದೆ, ಇದೇ ಈ ಲೋಹದ ಚುಕ್ಕೆ. ನಿನ್ನೆ ಅಲ್ಲಿಗೆ ಬೆಸೆದ ತಂತಿ ನಿಲ್ತಿಲ್ಲ, ಸೂಜಿ ಹಿಡಿದೇ ಮಾಡ್ಬೇಕು. ನಾನು ಕರೆಂಟ್ ಕೊಡೋ ಗಳಿಗೇಲಿ ಅದನ್ನ ಮುಟ್ಟಿ ಹಿಡಿದ್ರೆ, ತನ್ನ ಕೆಟ್ಟುಹೋದ ನೆನಪನ್ನ ಓದೋಕೆ ಹೋಗದೆ, ಹೇಳಿದ್ದನ್ನ ಕೇಳುತ್ತೆ."

"ಜಾರಿದ್ರೆ?"

"ಪೂರ್ತಿ ಹೋಗುತ್ತೆ."

"ಎಲ್ಲ ಹಾಳು ಮಾಡಿದ ಕೈಗೇ ಕೊಡ್ತಿದೀರಾ? ಹೇಗೆ ನಂಬ್ತೀರಿ?"

"ಕಿವಿ ಕೇಳದ ಮಕ್ಕಳಿಗೆ ಈ ಕೈಯ ಸನ್ನೆಯಲ್ಲೇ ತಾನೆ ಪಾಠ ಹೇಳೋದು? ನನ್ನ ಕೈಗಿಂತ ಗಟ್ಟಿ ಇದು."

ಶುರೂಕ್ ಉಸಿರು ಬಿಗಿಹಿಡಿದು ಸೂಜಿಯ ಮೊನೆಯನ್ನು ಆ ಸಾಸಿವೆಯಷ್ಟು ಚುಕ್ಕೆಗೆ ಒತ್ತಿದಳು. ಕುತೈಬ ಗುಂಡಿ ಒತ್ತಿದ. ಒಂದು... ಎರಡು... ಮೂರು...

ಪರದೆಯ ಮೇಲೆ ಒಂದು ಸಾಲು ಮೂಡಿತು.

"ಮಾತಾಡ್ತು!" ಎಂದು ಪಿಸುಗುಟ್ಟಿದ.

ಹಸಿರು ಪಟ್ಟಿ ಹೊರಟಿತು. ನಲವತ್ತು. ಅರವತ್ತು. ಅರವತ್ತಮೂರು ಬಂದಾಗ ಇಬ್ಬರೂ ಪ್ಲಗ್ಗಿನ ಹಲಗೆಯತ್ತ ತಿರುಗಿದರು, ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. ಅರವತ್ತನಾಲ್ಕು... ನೂರು!

ಪೆಟ್ಟಿಗೆ ಕಾರಿಗೆ ಮರಳಿತು. ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಎಂಜಿನ್ ಗುರ್ರೆಂದಿತು. ಶುರೂಕ್ ಸ್ಟೇರಿಂಗಿಗೆ ಹಣೆಯಿಟ್ಟು ಅತ್ತಳು. ನಾಳೆ ನಾಲ್ಕು ಹುಡುಗಿಯರು ಪರೀಕ್ಷೆ ಬರೆಯುತ್ತಾರೆ.

ಆಮೇಲೆ ಕಣ್ಣೊರೆಸಿಕೊಂಡು ಕೆಳಗಿಳಿದಳು. ಬೀದಿಯ ಅಂಗಡಿಗಳೆಲ್ಲ ತೆರೆದಿದ್ದವು, ತಲೆಗಳೆಲ್ಲ ಹೊರಗಿದ್ದವು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಅಬು ಸನದ್ ಚಿಕ್ಕಪ್ಪಾ! ಅವತ್ತು ತಪ್ಪು ನನ್ನದು. ಪ್ಲಗ್ ಕಿತ್ತಿದ್ದು ನಾನು. ಇವರು ನನಗೋಸ್ಕರ ಸುಳ್ಳು ಹೇಳಿದ್ರು."

ಅಬು ಸನದ್ ಮುಂದೆ ಬಂದ. ಮೀಸೆ ತಿರುವಿ ಕುತೈಬನ ಬೆನ್ನಿಗೊಂದು ಗುದ್ದಿದ. "ಇನ್ನೇನು ನೋಡ್ತೀಯೋ ಕತ್ತೆ? ಮಾತಾಡು!"

ಕುತೈಬ ಕೈಯ ಗ್ರೀಸು ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಮಿಸ್... ಪರೀಕ್ಷೆ ಮುಗಿದ ಮೇಲೆ ನಮ್ಮ ಹಿರಿಯರು ನಿಮ್ಮ ಮನೆಗೆ ಬರಬಹುದಾ? ನಿಮ್ಮನೆಯವರು ಕಾಫಿ ಕೊಡ್ತಾರೆ. ಪದ್ಧತಿಯಂತೆ, ಕೇಳಿದ್ದು ಕೊಡ್ತೀವಿ ಅನ್ನೋವರೆಗೆ ನಮ್ಮವರು ಅದನ್ನ ಕುಡಿಯೋದಿಲ್ಲ. ಎಷ್ಟು ಹೊತ್ತಾದ್ರೂ ಕಾಯ್ತಾರೆ."

"ಯಾರಿಗೆ ಗೊತ್ತು, ಏನು ಕೇಳೋಕೆ ಬರ್ತಾರೋ!" ಎಂದಳು ಶುರೂಕ್, ಕಣ್ಣು ಕಿರಿದು ಮಾಡಿ. "ನನಗೆ ಅನುಮಾನ ಜಾಸ್ತಿ ಅಂತ ಗೊತ್ತಲ್ಲ?"

"ಚೆನ್ನಾಗಿ ಗೊತ್ತು," ಎಂದ ಕುತೈಬ. "ಆದ್ರೂ ಬರ್ಲಾ?"

ಅವಳು ಕಾರು ಹತ್ತಿದಳು. ಗಾಜು ಇಳಿಸಿದಳು.

"ಕಾಫಿ ಬಿಸಿ ಇರೋವಾಗ್ಲೇ ಕುಡಿಯೋಕೆ ಹೇಳಿ ಅವರಿಗೆ."