ಮೊಣಕೈ ಹಿಡಿದ ಬೆರಳುಗಳು

ನಾನು ಎಕ್ಸ್‌ರೇ ತೆಗೆಯುವವನು. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಒಂದು ಮಧ್ಯಾಹ್ನ ಭರ್ಜಿ ಎಸೆತದ ಹುಡುಗಿಯೊಬ್ಬಳು ಬಲ ಮೊಣಕೈ ನೋವೆಂದು ತಾಯಿಯ ಜೊತೆ ಬಂದಳು. ಮುಂದಿನ ವಾರವೇ ಅವಳಿಗೆ ಆಯ್ಕೆಯ ಪಂದ್ಯವಿತ್ತು.

"ಎಸೆಯೋಕೆ ಕೈ ಎತ್ತಿದ್ರೆ ಹಿಂದಿನಿಂದ ಯಾರೋ ಹಿಡ್ಕೊಂಡ ಹಾಗಾಗುತ್ತೆ ಅಣ್ಣ," ಎಂದಳು.

ಊದಿಕೊಂಡ ಕೀಲು ಮುಟ್ಟಿದರೆ ಬಿಸಿಯಿರುತ್ತದೆ. ಅವಳದು ಬಾವಿಯ ಕಲ್ಲಿನಂತೆ ತಣ್ಣಗಿತ್ತು. ತಾಯಿಯನ್ನು ಹೊರಗೆ ಕೂರಿಸಿ ಚಿತ್ರ ತೆಗೆದೆ. ಪರದೆಯ ಮೇಲೆ, ಅವಳ ಮೊಣಕೈ ಮೂಳೆಗಳನ್ನು ಪುಟ್ಟ ಬೆರಳುಗಳ ಮೂಳೆಗಳು ಸುತ್ತಿ ಹಿಡಿದಿದ್ದವು. ಯಂತ್ರದ ದೋಷವಿರಬೇಕೆಂದು ಇನ್ನೊಮ್ಮೆ ತೆಗೆದೆ. ಹಿಡಿತ ಇನ್ನಷ್ಟು ಬಿಗಿಯಾಗಿತ್ತು. ಒಳಗೆ ಅವಳನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಡಾಕ್ಟರನ್ನು ಕರೆದೆ. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು.

"ಈ ಬೆರಳುಗಳ ಮೂಳೆ ತುದಿ ಇನ್ನೂ ಕೂಡಿಲ್ಲ ಕಣಯ್ಯಾ. ಇದು ಮಗುವಿನ ಕೈ."

ತಾಯಿ ಯಾವಾಗಲೋ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಅಲ್ಲಿಂದ ಪರದೆ ಕಾಣುವಂತಿರಲಿಲ್ಲ.

"ಎಡಗೈ ತಾನೇ?" ಎಂದು ಮೆಲ್ಲಗೆ ಕೇಳಿದರು.

ಡಾಕ್ಟರು ಹೌದೆಂದು ತಲೆಯಾಡಿಸಿದರು.

"ನಡಿಯಮ್ಮ. ಇನ್ನು ನೀನು ಎಸೆಯೋದು ಬೇಡ," ಎಂದು ತಾಯಿ ಮಗಳನ್ನು ಎಬ್ಬಿಸಿಕೊಂಡು ಹೊರಟರು.

"ಯಾಕಮ್ಮಾ? ಯಾಕೆ ಹೇಳು?" ಎಂದು ಹುಡುಗಿ ಅಳುತ್ತಾ ಕೇಳುತ್ತಲೇ ಇದ್ದಳು. ಆಸ್ಪತ್ರೆಯ ಓಣಿಯ ತಿರುವಿನಲ್ಲಿ ತಾಯಿ, "ಚಿಕ್ಕವಳಿದ್ದಾಗ ನೀನೆಸೆದ ಕಲ್ಲು ತಗುಲಿ ನಿನ್ನ ತಮ್ಮ, ಎಡಗೈಲಿ ನಿನ್ನ ಮೊಣಕೈ ಹಿಡ್ಕೊಂಡೇ ಪ್ರಾಣ ಬಿಟ್ಟ ಕಣಮ್ಮ," ಎಂದದ್ದು ನನಗೆ ಕೇಳಿಸಿತು.