ಏಳು ಸೆಕೆಂಡಿನ ಅಳಿಯ

"ಯಾರ್ರೀ ಇಲ್ಲಿ ಕತ್ರಿ ಅಂದ್ರೆ?"

ಕಂಟ್ರೋಲ್ ರೂಮಿನ ಬಾಗಿಲು ದಬಕ್ಕನೆ ತೆರೆದು ಒಳಗೆ ಬಂದವಳು ಹೊಸ ನಿರೂಪಕಿ. ಕಾಲರಿಗೆ ಮೈಕು ಇನ್ನೂ ಸಿಕ್ಕಿಕೊಂಡೇ ಇತ್ತು. ಮೂಲೆಯ ಕುರ್ಚಿಯಲ್ಲಿದ್ದವನು ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಕೈ ಎತ್ತಿದ.

ಅವನ ಕೆಲಸ ಇಷ್ಟೇ. ಸ್ಟುಡಿಯೋದಲ್ಲಿ ಆಡಿದ ಮಾತು ಮನೆಮನೆಯ ಟೀವಿಗೆ ತಲುಪುವುದು ಏಳು ಸೆಕೆಂಡು ತಡವಾಗಿ. ಅಷ್ಟರೊಳಗೆ ಬೇಡದ ಮಾತು ಬಂದರೆ ಅವನು ಕೆಂಪು ಬಟನ್ ಒತ್ತಬೇಕು. ಮಾತಿನ ಜಾಗದಲ್ಲಿ 'ಕೂಂ' ಎಂಬ ಸದ್ದು ಹೋಗುತ್ತದೆ.

"ಸ್ತನ ಕ್ಯಾನ್ಸರ್ ಬಗ್ಗೆ ಅರ್ಧ ಗಂಟೆ ಪ್ರೋಗ್ರಾಂ. ಹನ್ನೊಂದು ಕಡೆ ಕೂಂ ಅನ್ಸಿದ್ದೀರಿ. ನೋಡಿದೋರಿಗೆ ಕ್ಯಾನ್ಸರ್ ಎಲ್ಲಿಗೆ ಬರುತ್ತೆ ಅಂತ ಗೊತ್ತಾಗೋದು ಹೇಗೆ? ಮೊಣಕೈಗಾ?"

ಅವನು ಮೇಜಿನ ಗಾಜಿನಡಿ ಇಟ್ಟಿದ್ದ ಹಾಳೆ ತೋರಿಸಿದ. "ಲಿಸ್ಟಲ್ಲಿದೆ ಮೇಡಂ. ನಲವತ್ತೆರಡು ಪದ. ನಾನು ಬರೆದಿದ್ದಲ್ಲ, ಮೇಲಿನೋರು."

"ನೀವೇನು, ಹುಟ್ಟಿದಾಗಿನಿಂದ ಬಿಸ್ಕತ್ತು ತಿಂದೇ ಬೆಳೆದ್ರಾ?"

ಬಿಸ್ಕತ್ತು ಗಂಟಲಿಗೆ ಸಿಕ್ಕಿ ಅವನಿಗೆ ಕೆಮ್ಮು ಬಂತು. ಬೈಯಲು ಬಂದವಳೇ ನೀರಿನ ಬಾಟಲಿ ಕೊಟ್ಟು, ನಗು ತಡೆಯಲಾರದೆ ಮುಖ ತಿರುಗಿಸಿದಳು. ಕಿವಿಯ ಓಲೆ ಮಾತ್ರ ನಗುತ್ತಲೇ ಇತ್ತು.

ಆಮೇಲೆ ಪ್ರತಿ ಭಾನುವಾರ ಬೆಳಗಿನ ಕಾರ್ಯಕ್ರಮ ಮುಗಿದ ಕೂಡಲೇ ಅವಳು ಆ ರೂಮಿಗೆ ಬರತೊಡಗಿದಳು. ನೆಪ, ಪಟ್ಟಿಯ ಮೇಲೆ ಜಗಳ. ಒಂದು ದಿನ ಗಾಜಿನ ಮೇಲೆ ಬೆರಳಾಡಿಸುತ್ತಾ ಕೊನೆಯ ಪದದವರೆಗೂ ಬಂದು ನಿಂತಳು.

"ಪ್ರೀತಿ ಅನ್ನೋ ಪದ ಇಲ್ವಲ್ಲ ಇದರಲ್ಲಿ."

"ಇಲ್ಲ. ಹೇಳಬಹುದು."

"ಹಾಗಾದ್ರೆ ಹೇಳಿ."

"ಮೇಡಂ, ನಾನು ಮಾತು ಕತ್ತರಿಸೋನು. ಆಡಿ ಅಭ್ಯಾಸ ಇಲ್ಲ."

"ಏಳು ಸೆಕೆಂಡ್ ಕೊಡ್ತೀನಿ," ಎಂದು ಅವಳು ವಾಚು ನೋಡತೊಡಗಿದಳು. ಅವನು ಆರನೆಯ ಸೆಕೆಂಡಿಗೆ ಹೇಳಿಬಿಟ್ಟ. ಅವಳು ತಲೆ ಎತ್ತಲೇ ಇಲ್ಲ. ಕುತ್ತಿಗೆಯವರೆಗೂ ಕೆಂಪಾದದ್ದು ಮಾತ್ರ ಅವನಿಗೆ ಕಂಡಿತು.

ಅಂದಿನಿಂದ ಅವರಿಬ್ಬರಿಗೇ ಗೊತ್ತಿದ್ದ ಒಂದು ಗುಟ್ಟು. ಕಾರ್ಯಕ್ರಮ ಶುರುವಾಗುವ ಮುನ್ನ ಅವಳು ಕ್ಯಾಮರಾ ನೋಡುತ್ತಾ ಎಡ ಕಿವಿಯ ಓಲೆ ಮುಟ್ಟುವಳು. 'ಇದ್ದೀರಾ?' ಎಂದರ್ಥ. ಕಂಟ್ರೋಲ್ ರೂಮಿನ ಗಾಜಿನಾಚೆ ಅವನು ದೀಪ ಮಿಣುಕಿಸುವನು.

"ಊರೋರೆಲ್ಲರಿಗಿಂತ ಏಳು ಸೆಕೆಂಡ್ ಮೊದಲು ನಾನು ನಿನ್ನನ್ನ ನೋಡ್ತೀನಿ," ಎಂದು ಅವನು ಜಂಬ ಕೊಚ್ಚಿಕೊಳ್ಳುತ್ತಿದ್ದ.

"ಅಷ್ಟೇ ಸಾಕಾ?"

"ಸದ್ಯಕ್ಕೆ ಸಾಲ ತೀರಿದಷ್ಟು ಖುಷಿ. ಮುಂದಿಂದು ನಿಮ್ಮಮ್ಮನ ಕೈಲಿದೆ."

ಅಮ್ಮನ ಮಾತು ಬಂದಾಗಲೇ ಅವಳು ಅಣ್ಣನ ವಿಷಯ ಹೇಳಿದ್ದು. ಕ್ಯಾಂಟೀನಿನಲ್ಲಿ, ಚಹಾ ಆರಿ ಕೆನೆಗಟ್ಟುವವರೆಗೂ.

"ಅಣ್ಣ ಹಾರ್ಟ್ ಅಟ್ಯಾಕಲ್ಲಿ ಹೋದ ಅಂತ ಎಲ್ಲರಿಗೂ ಹೇಳಿದ್ದೀವಿ. ಅವನ ಹಾರ್ಟಿಗೆ ಏನೂ ಆಗಿರ್ಲಿಲ್ಲ ರೀ. ನಿಮ್ಮ ಪಟ್ಟೀಲಿ ಹತ್ತೊಂಬತ್ತನೇ ಪದ ಇದೆಯಲ್ಲ, ಅದು."

ಹತ್ತೊಂಬತ್ತನೆಯದು 'ಆತ್ಮಹತ್ಯೆ'. ಅವನಿಗೆ ಪಟ್ಟಿ ಬಾಯಿಪಾಠವಾಗಿತ್ತು.

"ಐದು ವರ್ಷ ಆಯ್ತು. ಮನೇಲಿ ಅವನ ಫೋಟೋ ಇದೆ, ಮಾತಿಲ್ಲ. ಎಷ್ಟು ಮನೇಲಿ ಹೀಗೆ ಸುಳ್ಳು ಹಾರ್ಟ್ ಅಟ್ಯಾಕ್ ಆಗಿದೆಯೋ. ಇದನ್ನ ಟೀವೀಲಿ ಬಾಯ್ಬಿಟ್ಟು ಮಾತಾಡ್ಬೇಕು. ಎಲ್ಲರೂ ಕೂತು ನೋಡೋ ಹೊತ್ತಲ್ಲಿ."

ಆರು ತಿಂಗಳು ಅವಳು ಪ್ರೊಡ್ಯೂಸರ್ ಬೆನ್ನು ಬಿಡಲಿಲ್ಲ. ಕೊನೆಗೆ ಅವರು ಕೈ ಮುಗಿದು ಒಂದು ಗಂಟೆ ಚರ್ಚೆಗೆ ಒಪ್ಪಿದರು. ಇಬ್ಬರು ಡಾಕ್ಟರು, ಒಬ್ಬರು ಟೀಚರು, ನೋಡುವವರ ಫೋನು. ಆ ಒಂದು ದಿನಕ್ಕೆ ಹತ್ತೊಂಬತ್ತನೆಯ ಪದಕ್ಕೆ ರಜೆ.

ಹಿಂದಿನ ದಿನ ಅವಳು ಅವನ ಮುಂದೆ ನಿಂತು, "ಕೊನೇಲಿ ಅಣ್ಣನ ವಿಷಯ ನಾನೇ ಹೇಳ್ತೀನಿ. ನಾಳೆ ಮಾತ್ರ ನಿಮ್ಮ ಕೈ ಜೇಬಲ್ಲಿರಲಿ," ಎಂದಳು.

"ಆಯ್ತು," ಎಂದ.

ಅದೇ ಸಂಜೆ ಅವಳಮ್ಮ ಫೋನು ಮಾಡಿದರು.

"ಮಗಳು ಏನೋ ಹೇಳ್ತಾಳಂತೆ ನಾಳೆ. ನನ್ನ ಮಾತು ಕೇಳ್ತಾ ಇಲ್ಲಪ್ಪ. ಬಟನ್ ನಿನ್ನ ಕೈಲಿರುತ್ತಂತಲ್ಲ. ಈ ಮನೆ ಅಳಿಯ ಆಗೋನು ನೀನು. ಮನೆ ಮರ್ಯಾದೆ ನಿಂದೂ ತಾನೇ?"

ಅಳಿಯ! ಒಂದು ವರ್ಷದಿಂದ ಮುಖ ಕೊಟ್ಟು ಮಾತಾಡದಿದ್ದವರ ಬಾಯಲ್ಲಿ ಆ ಪದ ಕೇಳಿ ಅವನಿಗೆ ಎದೆ ತುಂಬಿ ಬಂತು.

"ಆಯ್ತು ಅತ್ತೆ," ಎಂದುಬಿಟ್ಟ. ಆ ಪದ ಅವನ ನಾಲಿಗೆಯ ಮೇಲೆ ಹೊರಳಿದ್ದು ಅದೇ ಮೊದಲು.

ಚರ್ಚೆ ಚೆನ್ನಾಗಿಯೇ ನಡೆಯಿತು. ಕೊನೆಯ ಐದು ನಿಮಿಷ ಉಳಿದಾಗ ಅವಳು ಕೈಯಲ್ಲಿದ್ದ ಕಾರ್ಡುಗಳನ್ನು ಕೆಳಗಿಟ್ಟಳು. ಎಡ ಕಿವಿಯ ಓಲೆ ಮುಟ್ಟಿದಳು.

"ಇದು ಬೇರೆಯವರ ಮನೆ ಕಥೆ ಅಲ್ಲ. ನಮ್ಮಣ್ಣ ಆತ್ಮಹತ್ಯೆ ಮಾಡಿಕೊಂಡ. ಹಾರ್ಟ್ ಅಟ್ಯಾಕ್ ಅಂತ ನಾವು ಸುಳ್ಳು ಹೇಳಿದ್ವಿ."

ಏಳು ಸೆಕೆಂಡು. ಒಂದರಲ್ಲಿ ಅವನು ಅವಳ ಮುಖ ನೋಡಿದ. ಎರಡು, ಮೂರರಲ್ಲಿ ಅವಳಮ್ಮನ ದನಿ. ನಾಲ್ಕರಲ್ಲಿ ಅಳಿಯ ಎಂಬ ಪದ. ಐದರಲ್ಲಿ ಜೇಬಿನಿಂದ ಕೈ ಹೊರಗೆ ಬಂದಿತ್ತು.

'ನಮ್ಮಣ್ಣ' ಎಂಬುದರ ಮುಂದೆ ಮನೆಮನೆಗೆ ತಲುಪಿದ್ದು ಅವಳ ತುಟಿಯ ಅಲುಗಾಟ, ಜೊತೆಗೊಂದು ಉದ್ದನೆಯ ಕೂಂ.

ತಕ್ಷಣ ಒಂದು ಫೋನು ಬಂತು, ಯಾರೋ ವಯಸ್ಸಾದ ಅಪ್ಪ. "ಅಮ್ಮಾ, ನಿಮ್ಮಣ್ಣ ಏನಾದ್ರು ಅಂದ್ರಿ? ಅಲ್ಲೇ ನಮಗೆ ಕೇಳಿಸ್ಲಿಲ್ಲ. ನಮ್ಮ ಮಗ..." ಅಷ್ಟು ಹೇಳಿ ಆತ ತಡವರಿಸಿದರು.

ಅವಳು ಗಾಜಿನಾಚೆ ನೋಡಿದಳು. ಒಂದೇ ಸಲ ಹೇಳುವಷ್ಟು ಶಕ್ತಿ ಕೂಡಿಸಿಕೊಂಡು ಬಂದಿದ್ದಳು, ಅದು ಖರ್ಚಾಗಿ ಹೋಗಿತ್ತು. ಫೋನಿನ ಅಪ್ಪ, "ಇರ್ಲಿ ಬಿಡಿ," ಎಂದು ಇಟ್ಟುಬಿಟ್ಟರು.

ಕಾರ್ಯಕ್ರಮ ಮುಗಿದ ಮೇಲೆ ಅವಳು ಬಂದಾಗ ಬಾಗಿಲು ಸದ್ದೇ ಮಾಡಲಿಲ್ಲ.

"ಇವತ್ತು ಪಟ್ಟೀಲಿತ್ತಾ?"

"ಇರ್ಲಿಲ್ಲ. ನಿಮ್ಮಮ್ಮ ಕೇಳ್ಕೊಂಡ್ರು. ನಮ್ಮಿಬ್ಬರಿಗೋಸ್ಕರ ಕಣೇ. ಅಳಿಯ ಅಂದ್ರು..."

"ಅಣ್ಣ ಹೋಗೋ ಹಿಂದಿನ ವಾರ ನನ್ನ ರೂಮಿಗೆ ಬಂದಿದ್ದ. 'ನನಗ್ಯಾಕೋ ಬದುಕೋದೇ ಬೇಡ ಅನ್ಸುತ್ತೆ' ಅಂದ. 'ಥೂ, ಕೆಟ್ಟ ಮಾತಾಡ್ಬೇಡ, ಹೋಗಿ ಮಲ್ಕೋ' ಅಂದೆ. ಪ್ರೀತಿಯಿಂದಲೇ ಅಂದೆ." ಅವಳು ಮೈಕು ಬಿಚ್ಚಿ ಪಟ್ಟಿಯ ಮೇಲಿಟ್ಟಳು. "ಅವತ್ತು ನಾನು ಒತ್ತಿದ್ದೂ ಇದೇ ಬಟನ್ನು. ಇನ್ನೊಬ್ಬ ಅಂಥೋನ ಜೊತೆ ಬಾಳೋಕಾಗಲ್ಲ. ನಾನೊಬ್ಬಳೇ ಸಾಕು."

ಅವನು ಕರೆದ. ಅವಳು ತಿರುಗಿ ನೋಡಿದಳು, ಅಷ್ಟೇ. ಬೈದಿದ್ದರೆ ಅವನ ಜೀವಕ್ಕೆ ಸ್ವಲ್ಪ ಸಮಾಧಾನವಿರುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಅವನು ಕ್ಷೌರದಂಗಡಿಯಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡು ಕೂತಿದ್ದಾಗ ಗೋಡೆಯ ಟೀವಿಯಲ್ಲಿ ಅವಳು ಕಂಡಳು. ಯಾವುದೋ ಸಣ್ಣ ಚಾನೆಲ್ಲು, ಅಗ್ಗದ ಸೋಫಾ. ಪಕ್ಕದಲ್ಲಿ ಅವಳಮ್ಮ. ಚರ್ಚೆ ಅದೇ. ಅವಳು ಹೇಳಿದಳು, ಪೂರ್ತಿಯಾಗಿ. ಎಲ್ಲೂ ಕೂಂ ಎನ್ನಲಿಲ್ಲ.

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹಾರ್ಟು ಅಂತ ಮೊದಲು ಹೇಳಿದ್ದು ನಾನೇ," ಎಂದರು.

ಪಕ್ಕದ ಕುರ್ಚಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ದಪ್ಪ ಮನುಷ್ಯ ಯಾರಿಗೂ ಅಲ್ಲವೆಂಬಂತೆ, "ನಮ್ಮ ತಮ್ಮನ ವಿಷಯದಲ್ಲೂ ಹಾಗೇ ಹೇಳಿದ್ವಿ," ಎಂದ. ಕ್ಷೌರಿಕ ಮೆಲ್ಲಗೆ ಕೇಳಿದ, "ಯಾವಾಗಣ್ಣ?" ಆತ ಹೇಳತೊಡಗಿದ.

ತೆರೆಯ ಮೇಲೆ ಅವಳ ಕೈ ಎಡ ಕಿವಿಯವರೆಗೂ ಬಂತು. ಓಲೆ ಮುಟ್ಟದೆ, ಅಮ್ಮನ ಭುಜದ ಮೇಲೆ ಕೂತಿತು. ಅವನು ಈಗ ಅವಳನ್ನು ನೋಡುತ್ತಿದ್ದದ್ದು ಊರಿನವರೆಲ್ಲರ ಜೊತೆ, ಊರಿನವರಷ್ಟೇ ತಡವಾಗಿ.

ಕ್ಷೌರಿಕ ಕನ್ನಡಿಯಲ್ಲಿ ಅವನ ಮುಖ ಗಮನಿಸಿದ. "ಕಣ್ಣಲ್ಲಿ ನೀರು ಬಂತಲ್ಲ ಸಾರ್. ಗೊತ್ತಿರೋರಾ?"

ಬಾಯಿ ತೆರೆದ. ಮಾತು ತುಟಿಯವರೆಗೂ ಬಂದಿತ್ತು. ಒಂದು, ಎರಡು, ಮೂರು...

"ಇಲ್ಲ," ಎಂದ. "ಕೂದಲು ಬಿದ್ದಿರ್ಬೇಕು."