ಗೆರೆ ತಪ್ಪಿದ ನಾಬ್

ಬೆಳಿಗ್ಗೆ ಏಳಕ್ಕೆ ಮೇಷ್ಟ್ರು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಹಚ್ಚಿದರು. ದೀಪ ಹೊತ್ತಿತು. ಕಡಲಾಚೆಯ ಗೆಳೆಯನ ದನಿ ಮಾತ್ರ ಕಾಣೆ. ಬರೀ ಸುಯ್ ಎನ್ನುವ ಸದ್ದು.

ಸೆಕೆಂಡ್ ಹ್ಯಾಂಡ್ ಸೆಟ್ಟು. ಎಂಟು ವರ್ಷದ, ಮುಖ ನೋಡದ ಸ್ನೇಹ. ಗೆಳೆಯನಿಗೆ ನಾಳೆ ಹೃದಯದ ಆಪರೇಷನ್. ಇವತ್ತು ಇಲ್ಲಿನ ಎಂಟು ಗಂಟೆಗೆ ಅವನು ಮನೆ ಬಿಡುತ್ತಾನೆ. ಅದಕ್ಕೆ ಮುಂಚೆ ನಿನ್ನ ದನಿ ಒಮ್ಮೆ ಕೇಳಬೇಕು ಎಂದಿದ್ದ.

ಮೇಷ್ಟ್ರು ಕರೆಸಿದ ರೇಡಿಯೊ ರಿಪೇರಿ ತಾತ ಬರುವಷ್ಟರಲ್ಲಿ ಏಳೂಕಾಲು.

"ಪಕ್ಕದ ಮನೆ ಡ್ರೈವರ್ದೇ ಕೆಲಸ ತಾತ. ಬಟ್ಟೆ ಹಗ್ಗ ನಮ್ಮ ಏರಿಯಲ್ ಕಂಬಕ್ಕೇ ಕಟ್ಟಿದಾನೆ," ಎಂದರು ಮೇಷ್ಟ್ರು.

ಕಿಟಕಿಯಲ್ಲಿ ಡ್ರೈವರ್ ಇಣುಕಿದ. "ಎರಡು ಬನಿಯನ್ ಒಣಗಿಸಿದ್ರೆ ಸಮುದ್ರದಾಚೆ ಮಾತು ನಿಲ್ತದಾ ಮೇಷ್ಟ್ರೇ?"

"ಮನೆಯೊಳಗೆ ಯಾರ ಮೇಲಾದ್ರೂ ಅನುಮಾನ?" ಎಂದರು ತಾತ.

ಮೇಷ್ಟ್ರು ದನಿ ತಗ್ಗಿಸಿದರು. "ನಮ್ಮವಳಿಗೆ ಈ ರೇಡಿಯೊ ಅಂದ್ರೆ ಸವತಿ."

"ಕೇಳಿಸ್ತು," ಹೊಲಿಗೆ ಮಿಷನ್ ತುಳಿಯುತ್ತಲೇ ಹೆಂಡತಿ ಅಂದಳು. "ಸವತಿ ಆಗಿದ್ರೆ ಒಂದಿನ ಜಗಳ ಆಡಿ ಮುಗಿಸ್ತಿದ್ದೆ."

ತಾತ ಬ್ಯಾಂಡ್ ಬದಲಿಸುವ ನಾಬನ್ನು ಎಡಕ್ಕೆ ತಿರುಗಿಸಿದರು. ಮೊದಲ ಗೆರೆ ಮುಟ್ಟದೆ ಎರಡನೇ ಗೆರೆಗೇ ನಿಂತಿತು. ಬಲಕ್ಕೆ— ಕೊನೆಯ ಗೆರೆಯನ್ನೂ ದಾಟಿ ಖಾಲಿ ಜಾಗಕ್ಕೆ ಹೋಯಿತು.

"ಇದು ಮೊದಲು ಸಡಿಲ ಇತ್ತಲ್ಲ?"

"ಇತ್ತು. ನಿನ್ನೆಯಿಂದ ತಾನೇ ಸರಿಹೋಯ್ತು."

"ತಾನೇ ಬಿಗಿಯಾಗೋ ಸ್ಕ್ರೂ ನಾನಂತೂ ಕಂಡಿಲ್ಲಪ್ಪ. ದೇವರು ಕಣ್ಣು ಕೊಟ್ಟದ್ದು ನೋಡೋಕೆ. ನಾವು ಮೊದಲು ನೆರೆಯವನ್ನ ದೂರೋಕೆ ಬಳಸ್ತೀವಿ. ಎತ್ತಿಗೆ ಜ್ವರ, ಎಮ್ಮೆಗೆ ಬರೆ."

ಅವರು ನಾಬ್ ಎಳೆದರು. ಒಳಗಿನ ಕಡ್ಡಿಗೆ ನೀಲಿ ನೂಲು. ಒತ್ತಾಗಿ ಏಳು ಸುತ್ತು, ಕೊನೆಗೊಂದು ಗಂಟು.

"ನಾಬ್ ಒಂದು ಗೆರೆ ಜಾರಿ ಕೂತಿದೆ. ನೀವು ಮೂರಕ್ಕಿಟ್ರೆ ಒಳಗೆ ಸ್ವಿಚ್ ಎರಡರಲ್ಲಿರ್ತದೆ. ಗೆಳೆಯ ಮೂರನೇ ಬ್ಯಾಂಡಲ್ಲಿ ಕಾಯ್ತಿದಾನೆ, ನೀವು ಎರಡರಲ್ಲಿ ಕೂಗ್ತಿದೀರಿ. ಸಡಿಲಾದದ್ದಕ್ಕೆ ಗುಂಡಿ ಹೊಲಿದ ಹಾಗೆ ಬುಡದಲ್ಲಿ ನೂಲು ಸುತ್ತಿ ಗಂಟು ಹಾಕೋ ಕೈ ಈ ಮನೇಲಿ ಒಂದೇ. ಅಲ್ವೇನಮ್ಮಾ?"

ಮಿಷನ್ ನಿಂತಿತು.

"ನಾನೇ," ಅಂದಳು ಅವಳು. "ಇವತ್ತು ಆ ಅಣ್ಣನ ಜೊತೆ ಮಾತಾಡುವಾಗ ಕೈಕೊಡಬಾರದು ಅಂತ, ನಿನ್ನೆ ಇವರು ಹಾಲಿಗೆ ಹೋದಾಗ ಸುತ್ತಿದೆ. ಗೆರೆ ನೋಡ್ಲಿಲ್ಲ. ಅಂಗಿ ಗುಂಡಿ ಥರ ಅಂದ್ಕೊಂಡೆ, ಯಾವ ಕಡೆ ತಿರುಗಿದ್ರೇನು ಅಂತ."

ಮೇಷ್ಟ್ರು ರೇಡಿಯೊ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದರು.

ತಾತ ನೂಲು ಬಿಚ್ಚಿದರು. ಗೆರೆಗೆ ಗೆರೆ ಕೂಡಿಸಿ ಹೊಸ ಸ್ಕ್ರೂ ಬಿಗಿದರು. ಏಳೂ ಐವತ್ತು. ಸುಯ್ ಸದ್ದಿನ ನಡುವೆ ದನಿ ಮೂಡಿತು— "ಇದ್ದೀಯೇನಯ್ಯಾ?"

ಮೇಷ್ಟ್ರು ಮೈಕನ್ನು ಹೆಂಡತಿಯ ಕೈಗಿಟ್ಟರು.

"ಅಣ್ಣಾ, ಧೈರ್ಯವಾಗಿ ಹೋಗಿ ಬನ್ನಿ," ಅಂದಳು.

ಆಚೆಯಿಂದ ನಗು.

"ಎಂಟು ವರ್ಷ ಎಲ್ಲಿದ್ದೆ ತಂಗೀ? ಒಂದು ತಿಂಗಳು ಬಿಟ್ಟು ಮತ್ತೆ ರೇಡಿಯೊಗೆ ಬರ್ತೀನಿ. ಮಾತು ಬಾಕಿ ಇಟ್ಕೊಂಡಿರು."